ಬರ್ಮೀಸ್ ಮತ್ತು ಕೊರಿಯನ್: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯನ್ ಧಾರಾವಾಹಿ ನೋಡುತ್ತಾ ಆ ಭಾಷೆಯನ್ನೇ ಕಲಿಯಲು ಹೊರಟ ಕನ್ನಡಿಗರು ಈಗ ಸಾಕಷ್ಟು ಮಂದಿ ಇದ್ದಾರೆ. ಮ್ಯಾನ್ಮಾರಿನ (ಹಿಂದಿನ ಬರ್ಮಾ) ಭಾಷೆಯಾದ ಬರ್ಮೀಸ್ ಕಲಿಯುವವರು ತೀರಾ ವಿರಳ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡರ ಸ್ವಭಾವವೂ ಬೇಗ ತಿಳಿಯುತ್ತದೆ. ಇಂಗ್ಲಿಷ್ ಪಠ್ಯಪುಸ್ತಕಗಳು ಇವುಗಳ ವ್ಯಾಕರಣವನ್ನು ದೊಡ್ಡ ಬೆಟ್ಟದಂತೆ ತೋರಿಸುತ್ತವೆ. ಕನ್ನಡ ಬಲ್ಲವರು ಆ ಬೆಟ್ಟದ ಅರ್ಧವನ್ನು ಬಾಲ್ಯದಲ್ಲೇ ಹತ್ತಿಬಿಟ್ಟಿರುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ. ಕೆಳಗಿನ ಉತ್ತರಗಳೆಲ್ಲ ಆ ನಂಬಿಕೆಯಿಂದಲೇ ಬಂದವು.

ಉದಾಹರಣೆಗಳನ್ನು ಕಿವಿಗೆ ಕೇಳಿಸುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಬರ್ಮೀಸ್ ಮಾತುಗಳಲ್ಲಿ ‘ಥ’ ಎಂದು ಬರೆದಿರುವುದು ನಮ್ಮ ‘ರಥ’ದ ಥಕಾರವಲ್ಲ, ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಟ್ಟಾಗ ಬರುವ ಸದ್ದು.

ಬರ್ಮೀಸ್ ಮತ್ತು ಕೊರಿಯನ್ ಸಂಬಂಧಿಕ ಭಾಷೆಗಳೇ?

ಅಲ್ಲ. ಬರ್ಮೀಸ್ ಸೇರಿರುವುದು ಸಿನೋ-ಟಿಬೆಟನ್ ಕುಟುಂಬಕ್ಕೆ. ಟಿಬೆಟನ್, ನಮ್ಮ ಮಣಿಪುರದ ಮೈತೈ, ಅಸ್ಸಾಮಿನ ಬೋಡೊ, ಮಿಜೋ ಇವೆಲ್ಲ ಅದರ ದಾಯಾದಿಗಳು. ಚೀನೀ ಭಾಷೆ ಅದೇ ಕುಟುಂಬದ ಇನ್ನೊಂದು ದೊಡ್ಡ ಕವಲು. ಬೈಲಕುಪ್ಪೆಯಲ್ಲೋ ಮುಂಡಗೋಡಿನಲ್ಲೋ ಟಿಬೆಟನ್ನರ ಮಾತು ಕಿವಿಗೆ ಬಿದ್ದಿದ್ದರೆ ಬರ್ಮೀಸಿನ ದೂರದ ನೆಂಟನ ದನಿಯನ್ನು ಕೇಳಿದಿರಿ ಎಂದೇ ಅರ್ಥ. ‘ನಾನು’ ಎನ್ನಲು ಟಿಬೆಟನ್ನರು ‘ಙಾ’ ಎನ್ನುತ್ತಾರೆ. ಬರ್ಮೀಸಿನಲ್ಲೂ ಆಪ್ತರ ನಡುವೆ ‘ನಾನು’ ಎನ್ನಲು ‘ಙಾ’ ಎಂಬ ಮಾತೇ ಇದೆ.

ಕೊರಿಯನ್ ಹೆಚ್ಚುಕಡಿಮೆ ಒಂಟಿ. ಜೇಜು ದ್ವೀಪದ ನುಡಿಯನ್ನು ಪಕ್ಕಕ್ಕಿಟ್ಟರೆ ಅದಕ್ಕೆ ಒಡಹುಟ್ಟಿದವರಿಲ್ಲ. ಮಂಗೋಲಿಯನ್, ಟರ್ಕಿಶ್ ಮುಂತಾದವುಗಳ ಜೊತೆ ಸೇರಿಸಿ ‘ಆಲ್ಟಾಯಿಕ್’ ಕುಟುಂಬ ಎನ್ನುವ ವಾದ ಬಹುಕಾಲ ಚಾಲ್ತಿಯಲ್ಲಿತ್ತು. ಇಂದು ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ.

ಕೊರಿಯನ್ ಆಡುವವರು ಸುಮಾರು 8 ಕೋಟಿ. ಬರ್ಮೀಸ್ ಮಾತೃಭಾಷೆಯಾಗಿರುವವರು ಸುಮಾರು 3.3 ಕೋಟಿ. ಇವರಲ್ಲದೆ ಶಾನ್, ಕರೆನ್, ಮೋನ್ ಮುಂತಾದ ಜನಾಂಗಗಳ ಸುಮಾರು ಒಂದು ಕೋಟಿ ಮಂದಿ ಅದನ್ನು ಎರಡನೆಯ ಭಾಷೆಯಾಗಿ ಬಳಸುತ್ತಾರೆ.

ಸಂಬಂಧವೇ ಇಲ್ಲದಿದ್ದರೆ ಎರಡರ ವಾಕ್ಯಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದೇಕೆ?

ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಿಭಕ್ತಿಯ ಕೆಲಸ ಮಾಡುವ ತುಣುಕುಗಳು ನಾಮಪದದ ಹಿಂದೆ ಅಂಟಿಕೊಳ್ಳುತ್ತವೆ. ಪ್ರಪಂಚದ ಬಹಳಷ್ಟು ಭಾಷೆಗಳು ಹೀಗೆಯೇ ಇವೆ, ಕನ್ನಡವೂ ಹೀಗೆಯೇ. ಇದು ರಕ್ತಸಂಬಂಧದ ಗುರುತಲ್ಲ. ಒಂದೇ ಅರ್ಥದ ಈ ಮೂರು ವಾಕ್ಯಗಳನ್ನು ನೋಡಿ:

ಕನ್ನಡ: ನಾನು – ನಾಳೆ – ಗೆಳೆಯನ – ಜೊತೆ – ಪೇಟೆ – ಗೆ – ಹೋಗುತ್ತೇನೆ.
ಬರ್ಮೀಸ್: ಚನೊ – ಮನೆಫ್ಯಾನ್ – ಥಙೆಜಿನ್ – ನೆ – ಜೇ – ಗೊ – ಥ್ವಾ ಮೆ.
ಕೊರಿಯನ್: ಜೊನುನ್ – ನೆಇಲ್ – ಚಿಂಗು – ಹಗೊ – ಶಿಜಾಂಗ್ – ಎ – ಗಯೊ.

ಒಂದು ಪದವನ್ನೂ ಜಾಗ ಬದಲಿಸಬೇಕಾಗಿಲ್ಲ. ‘ಜೊತೆ’ ಇರುವಲ್ಲಿ ‘ನೆ’, ಅದೇ ಜಾಗದಲ್ಲಿ ‘ಹಗೊ’. ಚತುರ್ಥಿಯ ‘ಗೆ’ ಇರುವಲ್ಲಿ ‘ಗೊ’, ಅಲ್ಲೇ ‘ಎ’. ಇಂಗ್ಲಿಷ್ ಮಾತೃಭಾಷೆಯವರು ಈ ವಾಕ್ಯವನ್ನು ಕಟ್ಟಲು ತಲೆಯೊಳಗೆ ಎಲ್ಲವನ್ನೂ ತಿರುವುಮುರುವು ಮಾಡಿಕೊಳ್ಳಬೇಕು. ಕನ್ನಡದಲ್ಲಿ ಯೋಚಿಸುವವರು ಪದಗಳನ್ನು ಬದಲಿಸಿದರೆ ಸಾಕು. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದುಕೊಂಡು ಓದುವ ವಿದ್ಯಾರ್ಥಿಗಳು ಕೈಯಲ್ಲಿರುವ ಅನುಕೂಲವನ್ನು ತಾವೇ ಬಿಟ್ಟುಕೊಡುತ್ತಿದ್ದಾರೆ.

‘ಊಟವಾಯಿತೇ?’ ಎಂದು ಯೋಗಕ್ಷೇಮ ವಿಚಾರಿಸುವ ರೂಢಿಯೂ ಮೂರು ಕಡೆ ಇದೆ. ಬರ್ಮೀಸಿನಲ್ಲಿ ‘ತ್ಹಮಿನ್ ಸಾ ಪೀ ಬಿ ಲಾ?’, ಕೊರಿಯನ್ನಿನಲ್ಲಿ ‘ಬಪ್ ಮೊಗೊಸ್ಸೊಯೊ?’ ‘ತ್ಹಮಿನ್’, ‘ಬಪ್’ ಎರಡೂ ಅನ್ನವೇ, ಎರಡೂ ಊಟಕ್ಕೆ ನಿಲ್ಲುತ್ತವೆ. ಬರ್ಮೀಸಿನ ಕೊನೆಯ ‘ಲಾ’ ನಮ್ಮ ಪ್ರಶ್ನಾರ್ಥಕ ‘ಏ’ಕಾರದ ಕೆಲಸ ಮಾಡುತ್ತದೆ. ಕೊರಿಯನ್ನಿನ ಈ ರೂಪದಲ್ಲಿ ಅಂಥ ಪ್ರತ್ಯಯವಿಲ್ಲ, ದನಿ ಏರಿಸಿದರೆ ಪ್ರಶ್ನೆ.

ಕ್ರಿಯಾಪದದಲ್ಲಿ ಏನು ವ್ಯತ್ಯಾಸ?

ಕನ್ನಡದಲ್ಲಿ ‘ಹೋಗುತ್ತೇನೆ, ಹೋಗುತ್ತಾಳೆ’ ಎಂದು ಕ್ರಿಯಾಪದವೇ ಕರ್ತೃವನ್ನು ಹೇಳುತ್ತದೆ. ಬರ್ಮೀಸ್, ಕೊರಿಯನ್ ಎರಡರಲ್ಲೂ ಆ ಗೊಡವೆ ಇಲ್ಲ. ನಾನು, ನೀನು, ಅವಳು, ಅವರು ಎಲ್ಲರಿಗೂ ಒಂದೇ ರೂಪ. ಇಲ್ಲಿ ನಮ್ಮದೇ ಹೆಚ್ಚು ಕಷ್ಟದ ಭಾಷೆ.

ಕೊರಿಯನ್ ಕ್ರಿಯಾಪದ ನಮ್ಮದರಂತೆ ಧಾತುವಿಗೆ ಒಂದರ ಮೇಲೊಂದು ಪ್ರತ್ಯಯ ಪೋಣಿಸಿಕೊಳ್ಳುತ್ತದೆ, ಸೇರುವಲ್ಲಿ ಸ್ವರಗಳು ಬೆರೆತು ರೂಪ ಬದಲಾಗುತ್ತದೆ. ಬರ್ಮೀಸಿನಲ್ಲಿ ಧಾತು ಮುಕ್ಕಾಗುವುದಿಲ್ಲ, ಮುಂದೆ ಪುಟ್ಟ ತುಣುಕುಗಳು ಸಾಲಾಗಿ ನಿಲ್ಲುತ್ತವೆ. ‘ಥ್ವಾ ದೆ’ ಎಂದರೆ ಹೋದೆ ಅಥವಾ ಹೋಗುತ್ತೇನೆ, ‘ಥ್ವಾ ಮೆ’ ಎಂದರೆ ಇನ್ನು ಮುಂದೆ ಹೋಗುತ್ತೇನೆ, ‘ಥ್ವಾ ಬಿ’ ಎಂದರೆ ಹೋಗಿಯಾಯಿತು. ಭೂತ-ವರ್ತಮಾನಗಳ ನಡುವೆ ಗೆರೆ ಎಳೆಯುವುದಕ್ಕಿಂತ, ನಡೆದದ್ದು ಮತ್ತು ಇನ್ನೂ ನಡೆಯದ್ದರ ನಡುವೆ ಗೆರೆ ಎಳೆಯುವುದು ಅದಕ್ಕೆ ಮುಖ್ಯ. ನಿಷೇಧಕ್ಕೆ ಧಾತುವಿನ ಎರಡೂ ಕಡೆ ಕಾವಲು: ‘ಮ ಥ್ವಾ ಬೂ’.

ನನಗೆ ಅತ್ಯಂತ ಇಷ್ಟವಾದ ಭಾಗ ‘ನಿನ್ನೆ ಬಂದ ಮನುಷ್ಯ’ ಎಂಬಂಥ ಪದಪುಂಜಗಳದು. ಕೊರಿಯನ್ನಿನಲ್ಲಿ ‘ಒಜೆ ಒನ್ ಸರಾಮ್’, ಬರ್ಮೀಸಿನಲ್ಲಿ ‘ಮನೇಗ ಲಾ ದೆ ಲು’. ಮೂರರಲ್ಲೂ ಕೃದಂತ ಮೊದಲು, ಮನುಷ್ಯ ಆಮೇಲೆ. ಬರ್ಮೀಸಿನಲ್ಲಿ ‘ಬಂದನು’ ಎನ್ನಲೂ ‘ಲಾ ದೆ’, ‘ಬಂದ’ ಎಂಬ ಕೃದಂತಕ್ಕೂ ‘ಲಾ ದೆ’. ಕೃದಂತದಲ್ಲಿ ಮಾತ್ರ ಆ ‘ದೆ’ಯನ್ನು ಗಂಟಲು ಬಿಗಿದು ಥಟ್ಟನೆ ಮುಗಿಸಬೇಕು. ‘ಥು’ ಎಂದರೆ ಅವನು. ಅದನ್ನೇ ಗಂಟಲು ಬಿಗಿದು ಹೇಳಿದರೆ ಅವನ. ನಾವು ಷಷ್ಠಿಗೆ ಒಂದು ಪ್ರತ್ಯಯ ಸೇರಿಸುವ ಕಡೆ ಅವರು ದನಿಯ ಮಟ್ಟವನ್ನಷ್ಟೇ ಬದಲಿಸುತ್ತಾರೆ.

ಬರ್ಮೀಸಿನಲ್ಲಿ ಸ್ವರಭಾರ ಇದೆಯಂತೆ. ಕೊರಿಯನ್ನಿನಲ್ಲೂ ಇದೆಯೇ?

ಬರ್ಮೀಸ್ ಸ್ವರಭಾರದ ಭಾಷೆ, ಅಂದರೆ ಒಂದೇ ಸದ್ದನ್ನು ಬೇರೆ ಬೇರೆ ದನಿಯಲ್ಲಿ ಹೇಳಿದರೆ ಪದದ ಅರ್ಥವೇ ಬದಲಾಗುತ್ತದೆ. ಸಾಮಾನ್ಯವಾಗಿ ನಾಲ್ಕು ಬಗೆ ಎಣಿಸುತ್ತಾರೆ. ‘ಲಾ’ ಎಂಬುದನ್ನು ತಗ್ಗಿದ ದನಿಯಲ್ಲಿ ಎಳೆದರೆ ‘ಬಾ’, ಏರಿದ ದನಿಯಲ್ಲಿ ಎಳೆದರೆ ಆಗಲೇ ನೋಡಿದ ಪ್ರಶ್ನಾರ್ಥಕ. ಗಂಟಲು ಬಿಗಿದು ಕಿರುಗುಟ್ಟಿಸಿ ‘ಲ’ ಎಂದರೆ ಚಂದ್ರ ಅಥವಾ ತಿಂಗಳು. ಕೊನೆಯಲ್ಲಿ ಉಸಿರನ್ನು ಕಡಿದು ನಿಲ್ಲಿಸಿದರೆ ನಡುವಣ ಗಾತ್ರದ್ದು. ಇದು ಬರೀ ಏರಿಳಿತವಲ್ಲ. ಗಂಟಲಿನ ಬಿಗಿ, ಉಸಿರಿನ ಉದ್ದ ಎಲ್ಲ ಸೇರಿದ್ದು. ಹಾಡಿನ ಶ್ರುತಿಯೆಂದು ಭಾವಿಸಿ ಕಲಿಯುವವರಿಗೆ ಕಷ್ಟವಾಗುತ್ತದೆ, ಗಂಟಲಿನ ಸ್ಥಿತಿಯೆಂದು ಕಲಿಯುವವರಿಗೆ ಬೇಗ ಒಲಿಯುತ್ತದೆ.

ಸೋಲ್ ನಗರದ ಶಿಷ್ಟ ಕೊರಿಯನ್ನಿನಲ್ಲಿ ಹೀಗೆ ಪದದ ಅರ್ಥ ಬದಲಿಸುವ ಸ್ವರಭಾರವಿಲ್ಲ. ಹದಿನೈದನೆಯ ಶತಮಾನದ ಕೊರಿಯನ್ನಿನಲ್ಲಿ ಇತ್ತು. ಆಗ ಅಕ್ಷರದ ಎಡಗಡೆ ಚುಕ್ಕಿ ಇಟ್ಟು ಅದನ್ನು ಗುರುತಿಸುತ್ತಿದ್ದರು. ಆಗ್ನೇಯದ ಗ್ಯೋಂಗ್‌ಸಾಂಗ್ ಪ್ರಾಂತದ ಮಾತಿನಲ್ಲಿ ಅದರ ಉಳಿಕೆ ಇಂದಿಗೂ ಕೇಳಿಸುತ್ತದೆ.

ಕೊರಿಯನ್ನಿನ ಕಷ್ಟವಿರುವುದು ವ್ಯಂಜನಗಳಲ್ಲಿ. ‘ದಲ್’ ಎಂದರೆ ಚಂದ್ರ, ‘ಥಲ್’ ಎಂದರೆ ಮುಖವಾಡ, ‘ತ್ತಲ್’ ಎಂದರೆ ಮಗಳು. ಮೂರೂ ಅಘೋಷವೇ. ಮೊದಲನೆಯದು ಸಡಿಲ, ಎರಡನೆಯದು ಮಹಾಪ್ರಾಣ, ಮೂರನೆಯದು ಬಿಗಿ. ಬಿಗಿಯಾದ ‘ತ್ತ’ ನಮ್ಮ ಅಲ್ಪಪ್ರಾಣ ‘ತ’ಕ್ಕೆ ತೀರಾ ಹತ್ತಿರ; ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಸದ್ದು ನಮಗೆ ಹುಟ್ಟಿನಿಂದ ಬಂದಿದೆ. ಕಷ್ಟ ಕೊಡುವುದು ಸಡಿಲವಾದದ್ದು, ಏಕೆಂದರೆ ಅದನ್ನು ನಾವು ‘ದ’ ಎಂದೇ ಕೇಳಿಸಿಕೊಳ್ಳುತ್ತೇವೆ.

ಒಂದು, ಎರಡು, ಮೂರು ಎಣಿಸುವಾಗ ಹೋಲಿಕೆ ಕಾಣುತ್ತದಲ್ಲ?

ಕಾಣುತ್ತದೆ, ಅದಕ್ಕೆ ನಿಜವಾದ ಕಾರಣವೂ ಇದೆ. ಕೊರಿಯನ್ನರಲ್ಲಿ ಎರಡು ಎಣಿಕೆಗಳಿವೆ. ಹನಾ, ದುಲ್, ಸೆತ್ ಎಂಬುದು ಅಚ್ಚ ಕೊರಿಯನ್. ಇಲ್, ಇ, ಸಮ್, ಸ, ಒ ಎಂಬುದು ಚೀನೀಯಿಂದ ಬಂದದ್ದು. ಬರ್ಮೀಸಿನ ಮೂರು ‘ಥೌನ್’, ಬರೆಯುವುದು ‘ಸುಂ’ ಎಂದು. ಕೊರಿಯನ್ನರ ಚೀನೀ ಎಣಿಕೆಯ ಮೂರು ‘ಸಮ್’. ಟಿಬೆಟನ್ನಿನ ಮೂರು ‘ಸುಮ್’. ಒಂಬತ್ತು ಬರ್ಮೀಸಿನಲ್ಲಿ ‘ಕೋ’, ಕೊರಿಯನ್ನಿನಲ್ಲಿ ‘ಗು’, ಟಿಬೆಟನ್ನಿನಲ್ಲಿ ‘ಗು’. ಐದು ಬರ್ಮೀಸಿನಲ್ಲಿ ‘ಙಾ’, ಟಿಬೆಟನ್ನಿನಲ್ಲಿ ‘ಙ’. ಕೊರಿಯನ್ನಿನ ‘ಒ’ ಸಹ ಮೊದಲಲ್ಲಿ ಙಕಾರವಿದ್ದ ಹಳೆಯ ಚೀನೀ ರೂಪದಿಂದ ಬಂದದ್ದೇ.

ಬರ್ಮೀಸ್ ಮತ್ತು ಚೀನೀ ಒಂದೇ ಮೂಲದ ಭಾಷೆಗಳಾದ್ದರಿಂದ ಬರ್ಮೀಸಿಗೆ ಈ ಅಂಕಿಗಳು ಪಿತ್ರಾರ್ಜಿತ. ಕೊರಿಯನ್ ಅವನ್ನು ನೆರೆಮನೆಯ ಚೀನೀಯಿಂದ ಎರವಲು ತಂದಿತು. ಅಚ್ಚ ಕೊರಿಯನ್ ಎಣಿಕೆಗೂ ಬರ್ಮೀಸಿಗೂ ಯಾವ ಹೋಲಿಕೆಯೂ ಇಲ್ಲ. ಇನ್ನು ಗಡಿಯಾರ ನೋಡಿ ಮೂರೂವರೆ ಎನ್ನಲು ಕೊರಿಯನ್ನರು ‘ಸೆ ಶಿ ಸಮ್‌ಶಿಪ್ ಬುನ್’ ಎನ್ನುತ್ತಾರೆ. ಗಂಟೆಗೆ ಅಚ್ಚ ಕೊರಿಯನ್ ಮೂರು, ನಿಮಿಷಕ್ಕೆ ಚೀನೀ ಮೂವತ್ತು.

‘ಮೂರು ಜನ’ ಎನ್ನುವಾಗಿನ ‘ಜನ’ದಂಥ ಪದಗಳು ಎರಡರಲ್ಲೂ ಇವೆಯೇ?

ಕನ್ನಡದಲ್ಲಿ ಆ ಪದ ಬೇಕಿದ್ದರೆ ಉಂಟು, ಬೇಡವಾದರೆ ಇಲ್ಲ. ಅಲ್ಲಿ ಕಡ್ಡಾಯ. ಬರ್ಮೀಸಿನಲ್ಲಿ ಮನುಷ್ಯರಿಗೆ ‘ಯೌ’, ಪ್ರಾಣಿಗಳಿಗೆ ‘ಕೌನ್’, ಭಿಕ್ಷುಗಳಿಗೆ ‘ಪಾ’. ಕೊರಿಯನ್ನಿನಲ್ಲಿ ಮನುಷ್ಯರಿಗೆ ‘ಮ್ಯೋಂಗ್’, ಗೌರವಾನ್ವಿತರಾದರೆ ‘ಬುನ್’, ಪ್ರಾಣಿಗಳಿಗೆ ‘ಮರಿ’, ಪುಸ್ತಕಕ್ಕೆ ‘ಗ್ವೊನ್’. ನಾಮಪದ ಮೊದಲು, ಅಂಕಿ ಆಮೇಲೆ, ಈ ಎಣಿಕೆಪದ ಕೊನೆಗೆ. ‘ವಿದ್ಯಾರ್ಥಿಗಳು ಮೂರು ಜನ’ ಎಂಬ ಕ್ರಮ.

ಲಿಪಿಗಳಲ್ಲಿ ಯಾವುದು ಸುಲಭ?

ಸಾಧಾರಣವಾಗಿ ಸಿಗುವ ಉತ್ತರ ಹಂಗುಲ್, ಅಂದರೆ ಕೊರಿಯನ್ ಲಿಪಿ. ಅದು ಸರಿಯೇ. ಆದರೆ ಕನ್ನಡ ಓದುವವರಿಗೆ ಬರ್ಮೀಸ್ ಲಿಪಿ ಪರಕೀಯವಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ, ಆ ಬಗ್ಗೆ ನನಗೆ ಬೇಸರವಿದೆ.

ಬರ್ಮೀಸ್ ವರ್ಣಮಾಲೆಯಲ್ಲಿ 33 ವ್ಯಂಜನಗಳು. ಕ್ರಮ ನಮ್ಮದೇ: ಕ ಖ ಗ ಘ ಙ, ಆಮೇಲೆ ಚವರ್ಗ, ಟವರ್ಗ, ತವರ್ಗ, ಪವರ್ಗ. ಅಲ್ಲಿನ ಮಕ್ಕಳು ಅಕ್ಷರಗಳನ್ನು ಹೆಸರಿಟ್ಟು ಕಲಿಯುತ್ತಾರೆ. ಕ ಎಂಬುದು ‘ಕಜೀ’, ಅಂದರೆ ದೊಡ್ಡ ಕ. ಖ ಎಂಬುದು ‘ಖಗ್ವೇ’, ಸುರುಳಿ ಸುತ್ತಿದ ಖ. ಗ ‘ಗಙೆ’, ಚಿಕ್ಕ ಗ. ಘ ‘ಗಜೀ’, ದೊಡ್ಡ ಗ. ಉಚ್ಚಾರದಲ್ಲಿ ಗ-ಘಗಳ ಭೇದ ಅಳಿದುಹೋಗಿದೆ, ಹೆಸರಿನಲ್ಲಿ ಮಾತ್ರ ಉಳಿದಿದೆ. ಟವರ್ಗ ಪಾಲಿ ಪದಗಳಿಗಾಗಿ ಇದೆ, ಅದನ್ನು ತವರ್ಗದಂತೆಯೇ ಓದುತ್ತಾರೆ. ಸ್ವರಚಿಹ್ನೆಗಳು ಅಕ್ಷರದ ಮೇಲೆ, ಕೆಳಗೆ, ಹಿಂದೆ, ಮುಂದೆ ಕೂರುತ್ತವೆ. ಪಾಲಿ ಪದಗಳಲ್ಲಿ ಒತ್ತಕ್ಷರ ಕೆಳಗೆ ಬರುತ್ತದೆ. ಅಕ್ಷರದೊಳಗಿನ ಅಕಾರವನ್ನು ತೆಗೆಯುವ ಚಿಹ್ನೆಗೆ ‘ಅಥಾ’ ಎಂದು ಹೆಸರು, ಕೊಲ್ಲುವುದು ಎಂದರ್ಥ. ವಾಕ್ಯದ ಕೊನೆಗೆ ನಮ್ಮ ಹಳೆಯ ಕಾವ್ಯಗಳಲ್ಲಿರುವಂತೆ ಜೋಡಿ ದಂಡ. ಕಾಗುಣಿತ ಬಲ್ಲವರು ಇದನ್ನೆಲ್ಲ ಹೊಸದಾಗಿ ಕಲಿಯಬೇಕಾಗಿಲ್ಲ, ಆಕಾರಗಳನ್ನು ಗುರುತು ಹಿಡಿದರೆ ಆಯಿತು. ಪದಪದಕ್ಕೂ ನಡುವೆ ಜಾಗ ಬಿಡುವುದಿಲ್ಲ ಎಂಬುದೊಂದೇ ಮೊದಮೊದಲು ಕಾಡುತ್ತದೆ.

ಹಂಗುಲ್ ಬೇರೆಯದೇ ಜಾತಿಯದು. ದೊರೆ ಸೆಜೋಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಲಿಪಿ. ಆಗ 28 ಅಕ್ಷರ, ಈಗ 24: ಹದಿನಾಲ್ಕು ವ್ಯಂಜನ, ಹತ್ತು ಸ್ವರ. ಅಕ್ಷರದ ಆಕಾರವೇ ಉಚ್ಚಾರಣೆಯ ಪಾಠ. ನಾಲಗೆಯ ಬುಡ ಗಂಟಲನ್ನು ಮುಚ್ಚುವ ಭಂಗಿ ಕಕಾರಕ್ಕೆ, ನಾಲಗೆಯ ತುದಿ ವಸಡಿಗೆ ತಾಕುವ ಭಂಗಿ ನಕಾರಕ್ಕೆ, ಬಾಯಿಯ ಚೌಕ ಮಕಾರಕ್ಕೆ. ನಕಾರದ ಮೇಲೆ ಗೆರೆ ಸೇರಿಸಿದರೆ ದ, ಇನ್ನೊಂದು ಗೆರೆ ಸೇರಿಸಿದರೆ ಥ. ದವನ್ನೇ ಜೋಡಿಯಾಗಿ ಬರೆದರೆ ಬಿಗಿಯಾದ ತ್ತ. ನಮ್ಮ ವರ್ಣಮಾಲೆ ಕಂಠ್ಯ, ತಾಲವ್ಯ, ದಂತ್ಯ ಎಂದು ಅಕ್ಷರಗಳನ್ನು ಸಾಲುಗಟ್ಟಿ ನಿಲ್ಲಿಸಿತು. ಸೆಜೋಂಗ್ ಆ ಜ್ಞಾನವನ್ನು ಅಕ್ಷರದ ಗೆರೆಯೊಳಗೇ ಇಳಿಸಿದ. ಜಾಣರಿಗೆ ಒಂದು ಬೆಳಗು ಸಾಕು, ದಡ್ಡರಿಗೂ ಹತ್ತು ದಿನ ಸಾಕು ಎಂದು ಅಂದಿನ ವಿವರಣ ಗ್ರಂಥದ ಹಿನ್ನುಡಿಯಲ್ಲಿ ಆಸ್ಥಾನ ಪಂಡಿತ ಜೋಂಗ್ ಇನ್-ಜಿ ಬರೆದಿದ್ದಾನೆ. 1444ರಲ್ಲಿ ಚೊಯೆ ಮಾಲ್ಲಿ ಎಂಬ ವಿದ್ವಾಂಸ ಚೀನೀ ಅಕ್ಷರ ಬಿಟ್ಟು ಬೇರೆ ಲಿಪಿ ಮಾಡುವುದು ಅನಾಗರಿಕತೆ ಎಂದು ದೊರೆಗೇ ಮನವಿ ಸಲ್ಲಿಸಿದ್ದ. ಲಿಪಿ ಜನರ ಕೈ ಸೇರಿ ಪೂರ್ತಿ ನೆಲೆಗೊಳ್ಳಲು ನಾಲ್ಕು ಶತಮಾನಗಳಿಗೂ ಹೆಚ್ಚು ಬೇಕಾಯಿತು. 1896ರಲ್ಲಿ ಆರಂಭವಾದ ‘ದೊಂಗ್ನಿಪ್ ಶಿನ್ಮುನ್’ ಪತ್ರಿಕೆ ಬರೀ ಹಂಗುಲಿನಲ್ಲಿ, ಪದಗಳ ನಡುವೆ ಜಾಗ ಬಿಟ್ಟು ಅಚ್ಚಾಗತೊಡಗಿತು.

ಬರ್ಮೀಸ್ ಲಿಪಿ ಕದಂಬರ ಲಿಪಿಯಿಂದ ಬಂದದ್ದು ನಿಜವೇ?

ಬರ್ಮೀಸ್ ಜನ ಲಿಪಿಯನ್ನು ಪಡೆದದ್ದು ತಮಗಿಂತ ಮೊದಲು ಆ ನೆಲದಲ್ಲಿ ಬರವಣಿಗೆ ನಡೆಸಿದ್ದ ಮೋನ್ ಮತ್ತು ಪ್ಯೂ ಜನರಿಂದ. ಆ ಲಿಪಿಗಳ ಬೇರು ದಕ್ಷಿಣ ಭಾರತದ ಬ್ರಾಹ್ಮೀ ಪ್ರಭೇದಗಳಲ್ಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಕೆಲವು ವಿದ್ವಾಂಸರು ಪಲ್ಲವ ಲಿಪಿಯನ್ನೂ ಕೆಲವರು ಬನವಾಸಿಯ ಕದಂಬರ ಲಿಪಿಯನ್ನೂ ಮೂಲವೆಂದು ಹೇಳುತ್ತಾರೆ. ಆ ಕಾಲಕ್ಕೆ ಇವೆರಡೂ ಒಂದಕ್ಕೊಂದು ಬಹಳ ಹತ್ತಿರದವು. ‘ಕದಂಬರೇ ಬರ್ಮಾಕ್ಕೆ ಅಕ್ಷರ ಕಲಿಸಿದರು’ ಎಂದು ಬೀಗುವಷ್ಟು ಆಧಾರವಿಲ್ಲ. ಕನ್ನಡ ಲಿಪಿ ಮತ್ತು ಬರ್ಮೀಸ್ ಲಿಪಿ ದಾಯಾದಿಗಳು ಎನ್ನಲು ಧಾರಾಳವಾಗಿ ಆಧಾರವಿದೆ.

ಹಳೆಯ ಬರ್ಮೀಸನ್ನು ನೋಡಬೇಕಾದರೆ ಬಗಾನಿನ ಮ್ಯಾಜೇದಿ ಶಾಸನಕ್ಕೆ ಹೋಗಬೇಕು. ಸುಮಾರು 1113ರಲ್ಲಿ ರಾಜಕುಮಾರ ಎಂಬ ಹೆಸರಿನ ಅರಸುಮಗ ಹಾಕಿಸಿದ್ದು. ಕಂಬದ ನಾಲ್ಕು ಮುಖಗಳಲ್ಲಿ ಒಂದೇ ಒಕ್ಕಣೆ ಪಾಲಿ, ಮೋನ್, ಪ್ಯೂ, ಬರ್ಮೀಸ್ ಭಾಷೆಗಳಲ್ಲಿದೆ. ಮರೆತುಹೋಗಿದ್ದ ಪ್ಯೂ ಭಾಷೆಯನ್ನು ಓದಲು ಸಾಧ್ಯವಾದದ್ದು ಇದರಿಂದಲೇ. ಆ ಕಾಲದ ಅಕ್ಷರಗಳು ಚೌಕಾಕಾರ. ತಾಳೆಗರಿಯ ಮೇಲೆ ಬರೆಯುತ್ತಾ ಗುಂಡಗಾದವು. ಈ ಶಾಸನವನ್ನು 2015ರಲ್ಲಿ, ಹಂಗುಲಿನ ವಿವರಣ ಗ್ರಂಥವನ್ನು 1997ರಲ್ಲಿ ಯುನೆಸ್ಕೊ ತನ್ನ ವಿಶ್ವ ಸ್ಮೃತಿ ದಾಖಲೆಗೆ ಸೇರಿಸಿಕೊಂಡಿತು.

ಹಂಗುಲ್ ಕೂಡ ಬ್ರಾಹ್ಮಿಯಿಂದ ಬಂದದ್ದೇ?

ಕುಬ್ಲಾಯ್ ಖಾನನಿಗಾಗಿ 1269ರಲ್ಲಿ ರೂಪುಗೊಂಡ ಫಾಗ್ಸ್-ಪ ಲಿಪಿಯಿಂದ ಕೆಲವು ಮೂಲ ವ್ಯಂಜನಗಳ ಆಕಾರ ಬಂದಿರಬಹುದು ಎಂದು ಗ್ಯಾರಿ ಲೆಡ್ಯಾರ್ಡ್ ಎಂಬ ಅಮೆರಿಕನ್ ವಿದ್ವಾಂಸರು ವಾದಿಸಿದರು. ಫಾಗ್ಸ್-ಪ ಟಿಬೆಟನ್ ಲಿಪಿಯಿಂದ, ಅದು ಬ್ರಾಹ್ಮಿಯಿಂದ ಬಂದದ್ದು. ಈ ವಾದಕ್ಕೆ ಒಪ್ಪಿಗೆಯೂ ಇದೆ, ವಿರೋಧವೂ ಇದೆ. 1940ರಲ್ಲಿ ಪತ್ತೆಯಾದ ವಿವರಣ ಗ್ರಂಥದ ಪ್ರತಿಯಂತೂ ಆಕಾರಗಳು ಬಾಯಿ, ನಾಲಗೆ, ಗಂಟಲುಗಳಿಂದ ಬಂದವು ಎಂದೇ ಹೇಳುತ್ತದೆ. ನಾನು ಅದನ್ನೇ ನಂಬುತ್ತೇನೆ.

ಬರೆಯುವುದೊಂದು, ಓದುವುದೊಂದು ಏಕೆ?

ಎರಡರಲ್ಲೂ ಈ ಸಮಸ್ಯೆ ಇದೆ, ಕಾರಣ ಮಾತ್ರ ಬೇರೆಬೇರೆ.

ಕೊರಿಯನ್ನಿನಲ್ಲಿ ಸಂಧಿಯಾಗುವ ಮೊದಲಿನ ರೂಪವನ್ನು ಬರೆದು ಸಂಧಿಯಾದ ಮೇಲಿನ ರೂಪವನ್ನು ಓದುತ್ತಾರೆ. ಕೊರಿಯನ್ ಮಾತಿಗೆ ‘ಹಂಗುಕ್’ + ‘ಮಾಲ್’ ಎಂದು ಬರೆದು ‘ಹಂಗುಙ್ಮಾಲ್’ ಎಂದು ಓದಬೇಕು. ವಾಕ್ + ಮಯ ಸೇರಿ ವಾಙ್ಮಯವಾಗುವುದನ್ನು ಶಾಲೆಯಲ್ಲಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಹೇಳಿದ ಪತ್ರಿಕೆಯ ಹೆಸರಿನ ‘ದೊಂಗ್ನಿಪ್’ ಕೂಡ ಬರವಣಿಗೆಯಲ್ಲಿ ‘ದೊಕ್’ + ‘ರಿಪ್’.

ಬರ್ಮೀಸಿನಲ್ಲಿ ಹಾಗಲ್ಲ. ಬರವಣಿಗೆ ಶತಮಾನಗಳ ಹಿಂದಿನ ಉಚ್ಚಾರಕ್ಕೆ ನಿಷ್ಠವಾಗಿ ನಿಂತಿತು, ನಾಲಗೆ ಮುಂದೆ ಹೋಯಿತು. ‘ಚ’ ಎಂದು ಬರೆದದ್ದನ್ನು ‘ಸ’ ಎಂದೂ ‘ಸ’ ಎಂದು ಬರೆದದ್ದನ್ನು ‘ಥ’ ಎಂದೂ ‘ರ’ ಎಂದು ಬರೆದದ್ದನ್ನು ‘ಯ’ ಎಂದೂ ಓದುತ್ತಾರೆ. ರಂಗೂನ್ ಯಾಂಗೊನ್ ಆಗಿ ಕೇಳುವುದು ಇದರಿಂದಲೇ. ಬರವಣಿಗೆಯಲ್ಲಿ ಇಂದಿಗೂ ಮೊದಲ ಅಕ್ಷರ ರಕಾರ. ರಖೈನ್ ಪ್ರಾಂತದವರು ಆ ರಕಾರವನ್ನು ಈಗಲೂ ರಕಾರವಾಗಿಯೇ ನುಡಿಯುತ್ತಾರೆ. ಪದದ ಕೊನೆಯ ಕ್, ತ್, ಪ್ ಎಲ್ಲವೂ ಗಂಟಲಿನ ಒಂದೇ ತಡೆಯಲ್ಲಿ ಕೊನೆಯಾಗುತ್ತವೆ.

ಮಳೆ + ಕಾಲ ಮಳೆಗಾಲವಾಗುವ ನಮ್ಮ ಆದೇಶ ಸಂಧಿ ಬರ್ಮೀಸಿನಲ್ಲೂ ಹೇರಳ. ‘ಚೀ’ ಎಂದರೆ ದೊಡ್ಡದು. ‘ಕಜೀ’ಯಲ್ಲಿ ಅದು ‘ಜೀ’ ಆಗಿದೆ.

ಆಡುನುಡಿ, ಗ್ರಾಂಥಿಕ ನುಡಿ ಬೇರೆಬೇರೆಯೇ?

ಬರ್ಮೀಸಿನಲ್ಲಿ ಅಂತರ ಬಹಳ ದೊಡ್ಡದು. ವ್ಯಾಕರಣದ ತುಣುಕುಗಳೇ ಬದಲಾಗುತ್ತವೆ: ಮಾತಿನ ‘ದೆ’ಗೆ ಬರಹದಲ್ಲಿ ‘ಥಿ’, ಮಾತಿನ ‘ದಿ’ (ಈ) ಎಂಬುದಕ್ಕೆ ಬರಹದಲ್ಲಿ ‘ಇ’. 1960ರ ದಶಕದಲ್ಲಿ ಕೆಲವು ಬರಹಗಾರರು ಆಡುನುಡಿಯಲ್ಲೇ ಬರೆಯಬೇಕೆಂದು ಹೊರಟರೂ ಸುದ್ದಿ, ಸರ್ಕಾರಿ ಬರಹಗಳಲ್ಲಿ ಗ್ರಾಂಥಿಕವೇ ಉಳಿದಿದೆ. ಕೊರಿಯನ್ನಿನಲ್ಲಿ ಅಂತರ ಇಷ್ಟಿಲ್ಲ.

ಗೌರವಸೂಚಕಗಳು ಯಾವುದರಲ್ಲಿ ಹೆಚ್ಚು?

ವ್ಯಾಕರಣದಲ್ಲಿ ಕೊರಿಯನ್, ಸರ್ವನಾಮಗಳಲ್ಲಿ ಬರ್ಮೀಸ್.

ಕೊರಿಯನ್ನಿನಲ್ಲಿ ಎರಡು ಲೆಕ್ಕ ಒಟ್ಟಿಗೆ ನಡೆಯುತ್ತವೆ. ಯಾರ ಬಗ್ಗೆ ಮಾತನಾಡುತ್ತಿದ್ದೇವೋ ಅವರಿಗೆ ಗೌರವ ಸಲ್ಲಿಸಲು ಕ್ರಿಯಾಪದದೊಳಗೆ ‘ಶಿ’ ಸೇರಿಸಬೇಕು. ಯಾರೊಡನೆ ಮಾತನಾಡುತ್ತಿದ್ದೇವೋ ಅವರಿಗೆ ತಕ್ಕಂತೆ ವಾಕ್ಯದ ಕೊನೆಯನ್ನು ಆರಿಸಬೇಕು. ಗೆಳೆಯನೊಡನೆ ಅಜ್ಜನ ಬಗ್ಗೆ ಮಾತನಾಡುವಾಗ ಒಂದು ಮೇಲೆ, ಇನ್ನೊಂದು ಕೆಳಗೆ. ಹಿರಿಯರಿಗೆ ಪದಗಳೂ ಬೇರೆ: ಅನ್ನ ‘ಬಪ್’ ಹೋಗಿ ‘ಜಿಂಜಿ’, ತಿನ್ನು ‘ಮೊಕ್ತ’ ಹೋಗಿ ‘ದುಶಿದ’, ಮಲಗು ‘ಜಾದ’ ಹೋಗಿ ‘ಜುಮುಶಿದ’.

ಬರ್ಮೀಸಿನಲ್ಲಿ ವಾಕ್ಯಕ್ಕೆ ‘ಪಾ’ ಸೇರಿಸಿದರೆ ವಿನಯ ಬಂತು. ಆದರೆ ‘ನಾನು’ ಎನ್ನಲು ಗಂಡಸು ‘ಚನೊ’ ಎನ್ನಬೇಕು, ಹೆಂಗಸು ‘ಚಮ’ ಎನ್ನಬೇಕು. ಎರಡರ ಮೂಲದಲ್ಲೂ ಸೇವಕ ಎಂಬ ಅರ್ಥವಿದೆ. ‘ಹೌದು’ ಎನ್ನುವಾಗ ಗಂಡಸು ಕೊನೆಗೆ ‘ಖಮ್ಯಾ’ ಸೇರಿಸುತ್ತಾನೆ, ಹೆಂಗಸು ‘ಶಿನ್’ ಸೇರಿಸುತ್ತಾಳೆ. ಭಿಕ್ಷುಗಳ ವಿಷಯ ಬಂದರೆ ಪದಕೋಶವೇ ಬದಲಾಗುತ್ತದೆ. ಸಾಮಾನ್ಯರ ಊಟ ‘ಸಾ’, ಭಿಕ್ಷುಗಳ ಊಟ ‘ಫೌನ್ ಪೇ’. ಭಿಕ್ಷು ತೀರಿಕೊಂಡರೆ ‘ಪ್ಯಾನ್ ಲೂನ್ ದೊ ಮು’, ಹಾರಿ ಆಚೆ ಹೋದರು ಎಂದು. ಸ್ವಾಮೀಜಿಯೊಬ್ಬರು ‘ಲಿಂಗೈಕ್ಯರಾದರು’ ಎಂದು ಪತ್ರಿಕೆಯಲ್ಲಿ ಓದುವ ನಮಗೆ ಇದರ ಹಿಂದಿನ ಭಾವ ಅರ್ಥವಾಗುತ್ತದೆ.

ಎರಡೂ ಕಡೆ ಅಪರಿಚಿತರನ್ನು ನಂಟಿನ ಹೆಸರಿನಿಂದ ಕರೆಯುವ ರೂಢಿ ಇದೆ, ನಾವು ಅಣ್ಣ, ಅಕ್ಕ ಎಂದಂತೆ. ಕೊರಿಯನ್ನಿನಲ್ಲಿ ಅಣ್ಣನನ್ನು ತಂಗಿ ‘ಒಪ್ಪ’ ಎನ್ನುತ್ತಾಳೆ, ತಮ್ಮ ‘ಹ್ಯೋಂಗ್’ ಎನ್ನುತ್ತಾನೆ. ಕಿರಿಯರಿಗೆ ಯಾರು ಕರೆದರೂ ‘ದೊಂಗ್ಸೆಂಗ್’. ಬರ್ಮೀಸಿನಲ್ಲಿ ಇದು ತಿರುಗುಮುರುಗು: ಅಣ್ಣ ಎಲ್ಲರಿಗೂ ‘ಅಕೊ’, ತಮ್ಮ ಮಾತ್ರ ಅಣ್ಣನಿಗೆ ‘ಞಿ’, ಅಕ್ಕನಿಗೆ ‘ಮೌಂಗ್’.

ಹೆಸರಿಡುವ ಕ್ರಮ?

ವಿಶ್ವಸಂಸ್ಥೆಗೆ ಎರಡೂ ಭಾಷೆಗಳಿಂದ ಒಬ್ಬೊಬ್ಬ ಮಹಾಕಾರ್ಯದರ್ಶಿ ಬಂದಿದ್ದಾರೆ: 1961ರಿಂದ 1971ರವರೆಗೆ ಊ ಥಾಂಟ್, 2007ರಿಂದ 2016ರವರೆಗೆ ಬಾನ್ ಕಿ-ಮೂನ್. ಬಾನ್ ಎಂಬುದು ಮನೆತನದ ಹೆಸರು, ಅದು ಮೊದಲು ಬರುತ್ತದೆ. ಊ ಥಾಂಟ್ ಅವರ ಹೆಸರು ಬರೀ ಥಾಂಟ್. ‘ಊ’ ಎಂಬುದು ಹಿರಿಯ ಗಂಡಸರಿಗೆ ಸೇರಿಸುವ ಗೌರವಸೂಚಕ, ಹೆಂಗಸರಿಗಾದರೆ ‘ದೊ’. ಬರ್ಮೀಸರಿಗೆ ಮನೆತನದ ಹೆಸರೇ ಇಲ್ಲ. ಹುಟ್ಟಿದ ವಾರಕ್ಕೆ ತಕ್ಕಂತೆ ಮೊದಲ ಅಕ್ಷರ ಆರಿಸುವುದು ಸಂಪ್ರದಾಯ: ಸೋಮವಾರಕ್ಕೆ ಕವರ್ಗ, ಮಂಗಳವಾರಕ್ಕೆ ಚವರ್ಗ, ಗುರುವಾರಕ್ಕೆ ಪವರ್ಗ, ಶನಿವಾರಕ್ಕೆ ತವರ್ಗ, ಶುಕ್ರವಾರಕ್ಕೆ ಥ ಮತ್ತು ಹ. ಥಾಂಟ್ ಹುಟ್ಟಿದ್ದು 1909ರ ಜನವರಿ 22ರಂದು, ಅದು ಶುಕ್ರವಾರ.

‘ಅಪ್ಪ’, ‘ಅಮ್ಮ’ ಕೊರಿಯನ್ನಿನಲ್ಲೂ ಇವೆ. ಕೊರಿಯನ್ ದ್ರಾವಿಡ ಭಾಷೆಯೇ?

ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ ಇದು. ಕೊರಿಯನ್ನಿನಲ್ಲಿ ‘ಅಪ್ಪ’, ‘ಒಮ್ಮ’ ಇರುವುದು ನಿಜ. ಸೋಲ್ ನಗರದಲ್ಲಿದ್ದ ಅಮೆರಿಕನ್ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಪುಸ್ತಕ ಬರೆದರು. ಆದರೆ ಭಾಷಾ ಸಂಬಂಧ ಸಾಬೀತಾಗಲು ಅಲ್ಲೊಂದು ಇಲ್ಲೊಂದು ಪದ ಹೊಂದಿದರೆ ಸಾಲದು. ಧ್ವನಿಗಳು ನಿಯಮಬದ್ಧವಾಗಿ, ನೂರಾರು ಪದಗಳಲ್ಲಿ ಹೊಂದಬೇಕು. ಅಂಥ ನಿಯಮ ಯಾರಿಗೂ ಸಿಕ್ಕಿಲ್ಲ. ಕೂಸಿನ ತುಟಿಗೆ ಮೊದಲು ಸಿಗುವ ಸದ್ದು ಪ, ಬ, ಮ. ಅವುಗಳಿಂದ ಅಪ್ಪ-ಅಮ್ಮಂದಿರ ಹೆಸರು ಎಲ್ಲೆಡೆ ಹುಟ್ಟಿಕೊಳ್ಳುತ್ತವೆ. ಬರ್ಮೀಸಿನಲ್ಲೂ ‘ಅಫೇ’, ‘ಅಮೇ’ ಇವೆ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ಅಪ್ಪ.

ಹಾಗಾದರೆ ಸಮಾನ ಪದಗಳೇ ಇಲ್ಲವೇ?

ಇವೆ, ಬೌದ್ಧಧರ್ಮ ಕೊಟ್ಟವು. ಬರ್ಮೀಸಿಗೆ ಅವು ಪಾಲಿಯಿಂದ ನೇರವಾಗಿ ಬಂದವು, ಕೊರಿಯನ್ನಿಗೆ ಚೀನೀಯ ಮೂಲಕ ಸುತ್ತಿ ಬಂದವು. ನಮ್ಮ ಕ್ಷಣ ಬರ್ಮೀಸಿನಲ್ಲಿ ‘ಖಣ’, ಕೊರಿಯನ್ನಿನಲ್ಲಿ ‘ಚಲ್ಲ’. ಬರ್ಮೀಸಿನಲ್ಲಿ ಉದಾಹರಣೆಗೆ ‘ಉಪಮಾ’, ರೈಲಿಗೆ ಬೆಂಕಿಯ ರಥ ಎಂಬರ್ಥದ ‘ಮೀಯತ್ಹಾ’, ವಿಶ್ವವಿದ್ಯಾಲಯಕ್ಕೆ ತಕ್ಷಶಿಲೆಯ ಹೆಸರಿನಿಂದ ಬಂದ ‘ತೆಕ್ಕಥೊ’. ‘ಮಿಂಗಲಾಬಾ’ ಎಂಬ ನಮಸ್ಕಾರದಲ್ಲಿರುವುದು ಮಂಗಲ. ಕೊರಿಯನ್ನಿನಲ್ಲಿ ಇವು ಗುರುತು ಸಿಗದಷ್ಟು ಬದಲಾಗಿವೆ: ಪುಂಡನಿಗೆ ‘ಗೊನ್ದಲ್’ ಎನ್ನುತ್ತಾರೆ, ಅದು ಗಂಧರ್ವ.

ಎರಡೂ ಭಾಷೆಗಳವರು ಪರಸ್ಪರ ಎದುರಾಗುವುದೆಲ್ಲಿ?

ಮುಖ್ಯವಾಗಿ ದುಡಿಮೆಯಲ್ಲಿ. ದಕ್ಷಿಣ ಕೊರಿಯ 2004ರಲ್ಲಿ ಆರಂಭಿಸಿದ ಉದ್ಯೋಗ ಪರವಾನಗಿ ವ್ಯವಸ್ಥೆಯಲ್ಲಿ ಕಾರ್ಮಿಕರನ್ನು ಕಳಿಸುವ ದೇಶಗಳಲ್ಲಿ ಮ್ಯಾನ್ಮಾರ್ ಒಂದು. ಹೋಗಬೇಕಾದರೆ ಕೊರಿಯನ್ ಪರೀಕ್ಷೆ ಪಾಸಾಗಬೇಕು. ಹೀಗಾಗಿ ಮ್ಯಾನ್ಮಾರಿನ ಊರೂರುಗಳಲ್ಲಿ ಕೊರಿಯನ್ ತರಗತಿಗಳಿವೆ. ಇಂಚೆಯೋನ್ ನಗರದ ಬುಪ್ಯೋಂಗಿನಲ್ಲಿ ಬರ್ಮೀಸರ ಅಂಗಡಿಗಳು, ಹೋಟೆಲುಗಳು, ವಿಹಾರಗಳು ಇವೆ. ಅವರು ಕೊರಿಯನ್ ವಾಕ್ಯಗಳನ್ನು ಬೇಗ ಹಿಡಿಯಲು ಮೇಲೆ ತೋರಿಸಿದ ಪದಕ್ರಮವೂ ನೆರವಾಗುತ್ತದೆ.

ಕನ್ನಡಿಗರಿಗೆ ಯಾವುದು ಸುಲಭ?

ಇಂಗ್ಲಿಷ್ ಮಾತೃಭಾಷೆಯವರಿಗೆ ಬರ್ಮೀಸಿಗೆ 44 ವಾರ, ಕೊರಿಯನ್ನಿಗೆ 88 ವಾರ ಬೇಕು ಎಂದು ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಲೆಕ್ಕ ಹಾಕಿದೆ. ಈ ಪಟ್ಟಿಯನ್ನು ನೋಡಿ ಕನ್ನಡಿಗರು ಎದೆಗುಂದಬಾರದು. ಪದಕ್ರಮ, ವಿಭಕ್ತಿ, ಕೃದಂತ, ಬಹುವಚನದ ಗೌರವ ಇವೆಲ್ಲ ನಮಗೆ ಗೊತ್ತಿರುವವೇ. ಕೊರಿಯನ್ನಿನ ಪ್ರತ್ಯಯಗಳ ಪೋಣಿಕೆಯಂತೂ ನಮ್ಮ ನಾಲಗೆಗೆ ಹೊಂದುತ್ತದೆ. ಉಳಿಯುವ ಕಷ್ಟ ಚೀನೀ ಮೂಲದ ಅಪಾರ ಪದರಾಶಿ. ಬರ್ಮೀಸಿನಲ್ಲಿ ಪಾಲಿ ಪದಗಳೂ ಲಿಪಿಯೂ ಕೈಹಿಡಿಯುತ್ತವೆ, ಉಚ್ಚಾರ ಮತ್ತು ಗ್ರಾಂಥಿಕ ನುಡಿ ಬೆವರಿಳಿಸುತ್ತವೆ. ಕಲಿಕೆಯ ಸಾಮಗ್ರಿ ಕೊರಿಯನ್ನಿಗೆ ಹೇರಳ; 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಗೆ ಸೂಚಿಸಿದ ವಿದೇಶಿ ಭಾಷೆಗಳಲ್ಲೂ ಅದು ಇದೆ. ಬರ್ಮೀಸಿಗೆ ಲಂಡನ್ನಿನಲ್ಲಿ ದಶಕಗಳ ಕಾಲ ಕಲಿಸಿದ ಜಾನ್ ಒಕೆಲ್ ಅವರ ಧ್ವನಿಪಾಠಗಳಿಗಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಉಚಿತವಾಗಿಯೇ ಸಿಗುತ್ತವೆ.

ಮೊಬೈಲಿನಲ್ಲಿ ಬರ್ಮೀಸ್ ಅಕ್ಷರಗಳು ಕಲಸಿಹೋಗಿ ಕಾಣುತ್ತವೆ. ಏನು ಮಾಡಬೇಕು?

ಬಹುಶಃ ಅದು ‘ಜೋಜಿ’ ಎಂಬ ಹಳೆಯ ಫಾಂಟಿನಲ್ಲಿ ಬರೆದ ಬರಹ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಿಸಲು ನಾವು ಪಟ್ಟ ಪಾಡನ್ನೇ ಅವರೂ ಪಟ್ಟಿದ್ದಾರೆ. ಮ್ಯಾನ್ಮಾರ್ 2019ರ ಅಕ್ಟೋಬರ್ 1ರಂದು ಅಧಿಕೃತವಾಗಿ ಯುನಿಕೋಡಿಗೆ ಹೊರಳಿತು. ಆಮೇಲಿನ ಬರಹಗಳಲ್ಲಿ ತೊಂದರೆ ಕಡಿಮೆ. ಹಳೆಯವನ್ನು ಅಂತರಜಾಲದಲ್ಲಿ ಸಿಗುವ ಜೋಜಿ-ಯುನಿಕೋಡ್ ಪರಿವರ್ತಕಕ್ಕೆ ಹಾಕಿ ಓದಿಕೊಳ್ಳಿ. ನೀವು ಟೈಪಿಸುವಾಗ ಯುನಿಕೋಡ್ ಕೀಲಿಮಣೆಯನ್ನೇ ಆರಿಸಿ.